ಲಿಂಡ್ನರ್ ದಂಪತಿಯ ಲಯಭೇದ

ಎರಡು ವಸ್ತುಗಳನ್ನು ಮುಂದಿಟ್ಟು "ಇವೆರಡರಲ್ಲಿ ಯಾವುದು ಚೆನ್ನಾಗಿದೆ, ನೀವೇ ಹೇಳಿ" ಎಂದು ಯಾರಾದರೂ ನಗುನಗುತ್ತ ಕೇಳಿದರೆ, ದಯವಿಟ್ಟು ಚಪ್ಪಲಿ ಹುಡುಕಲೂ ನಿಲ್ಲದೆ ಅಲ್ಲಿಂದ ಹೊರಟುಬಿಡಿ. ಇದು ನನ್ನ ಅನುಭವದ ಮಾತು. ಹುಬ್ಬಳ್ಳಿಯಲ್ಲಿ ನಮ್ಮ ಸೋದರತ್ತೆ ಒಮ್ಮೆ ತಾನು ಮಾಡಿದ ಶೇಂಗಾ ಹೋಳಿಗೆಯನ್ನೂ ಚಿಕ್ಕಮ್ಮ ಮಾಡಿದ ಶೇಂಗಾ ಹೋಳಿಗೆಯನ್ನೂ ಒಂದೇ ತಟ್ಟೆಯಲ್ಲಿಟ್ಟು ಕಾಕಾನ ಮುಂದೆ ಹಿಡಿದಳು. ಕಾಕಾ ಪಾಪ, ಎರಡನ್ನೂ ತಿಂದು, ಬಾಯಿ ಒರೆಸಿಕೊಂಡು, "ಎರಡೂ ಚಲೋ ಅದಾವ, ಆದ್ರ ಇದು ಸ್ವಲ್ಪ ಮೆತ್ತಗೈತಿ" ಅಂದರು. ಆ 'ಸ್ವಲ್ಪ'ದ ದೆಸೆಯಿಂದ ಎರಡು ಮನೆಗಳ ನಡುವೆ ದೀಪಾವಳಿ ಫರಾಳದ ಡಬ್ಬಿಗಳ ಓಡಾಟವೇ ನಿಂತುಹೋಯಿತು. ಇದನ್ನೆಲ್ಲ ಕಣ್ಣಾರೆ ಕಂಡು ಬೆಳೆದ ನಾನು ಜರ್ಮನಿಗೆ ಹೋಗಿ, ಅರ್ಧಂಬರ್ಧ ಗೊತ್ತಿದ್ದ ಭಾಷೆಯಲ್ಲಿ, ಏನೇನೂ ಗೊತ್ತಿಲ್ಲದ ಸಂಗೀತದ ವಿಷಯದಲ್ಲಿ, ಅದೂ ಮನೆ ಬಾಡಿಗೆ ಕೊಟ್ಟ ಗಂಡ ಹೆಂಡತಿಯ ನಡುವೆ ನ್ಯಾಯಾಧೀಶೆಯಾಗಿ ಕೂತೆ ಅಂದರೆ ನನ್ನ ಬುದ್ಧಿಗೆ ಏನೆನ್ನಬೇಕು!

ಕಂಪ್ಯೂಟರ್ ಬಲ್ಲವರನ್ನು ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲವದು. ನೋಡಿದರೆ ಅದು ಗ್ರೀನೂ ಅಲ್ಲ, ಕಾರ್ಡೂ ಅಲ್ಲ, ಪಾಸ್‌ಪೋರ್ಟಿನೊಳಗೆ ಅಂಟಿಸಿದ ಒಂದು ಚೀಟಿ. ಅದನ್ನು ಹಿಡಿದುಕೊಂಡು ನಾನು ಮ್ಯಾನ್‌ಹೈಮ್‌ಗೆ ಬಂದಿಳಿದೆ. ಊರ ನಡುವಿನ ಬೀದಿಗಳಿಗೆ ಹೆಸರೇ ಇಲ್ಲ, ಚದುರಂಗದ ಹಾಸಿನ ಮನೆಗಳ ಹಾಗೆ ಒಂದು ಅಕ್ಷರ, ಒಂದು ಅಂಕಿ, ಮುಗಿಯಿತು. ಕೆಲಸ ಸಿಕ್ಕಷ್ಟು ಸುಲಭವಾಗಿ ಮನೆ ಸಿಗಲಿಲ್ಲ. ಫೋನಿನಲ್ಲಿ "ಪಾಟೀಲ" ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳುವಷ್ಟರಲ್ಲಿ ಆ ಕಡೆಯಿಂದ "ಅಯ್ಯೋ, ಮನೆ ಈಗಷ್ಟೇ ಹೋಯಿತಲ್ಲ" ಎಂಬ ಉತ್ತರ. ಹಾಗೆ ಅಲೆದು ಅಲೆದು ಸೋತಾಗ, ಟ್ರಾಮಿನ ಕೊನೆಯ ಸ್ಟಾಪಿನ ಹತ್ತಿರ ಇದ್ದ ಲಿಂಡ್ನರ್ ದಂಪತಿ ನನ್ನನ್ನು ಕೂರಿಸಿ, ಕಾಫಿ ಕೊಟ್ಟು, "ರಾತ್ರಿ ಗೋಡೆಗೆ ಡ್ರಿಲ್ ಹಾಕುವ ಅಭ್ಯಾಸ ಉಂಟೇ?" ಎಂದು ಒಂದೇ ಪ್ರಶ್ನೆ ಕೇಳಿ, ತಮ್ಮ ಮಹಡಿಯ ಮನೆಯ ಕೀಲಿ ಕೈಗಿಟ್ಟರು. ಅವರಿಬ್ಬರೂ ನಿವೃತ್ತರು. ಹೆಂಡತಿ ಫ್ರಾವ್ ಲಿಂಡ್ನರ್ ನರ್ಸ್ ಆಗಿದ್ದವರು, ದುಂಡು ಮುಖ, ಎರಡೂ ಮೊಣಕಾಲು ನೋವು. ಗಂಡ ಹೆರ್ ಲಿಂಡ್ನರ್ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದವರು, ಉದ್ದನೆಯ ಮನುಷ್ಯ, ಮಾತು ಕಡಿಮೆ, ಹುಬ್ಬು ಜಾಸ್ತಿ.

ಜರ್ಮನಿಯಲ್ಲಿ ಭಾನುವಾರ ಎಂದರೆ ಮೌನವ್ರತ. ವ್ಯಾಕ್ಯೂಮ್ ಹಾಕಕೂಡದು, ಗೋಡೆಗೆ ಮೊಳೆ ಹೊಡೆಯಕೂಡದು, ಖಾಲಿ ಬಾಟಲಿಯನ್ನು ತೊಟ್ಟಿಗೆ ಹಾಕಿದರೆ ಆ ಸದ್ದಿಗೂ ಅಕ್ಕಪಕ್ಕದವರು ಕಿಟಕಿ ತೆರೆದು ನೋಡುತ್ತಾರೆ. ಅಂಥ ಒಂದು ಭಾನುವಾರ ನಾನು ಉಸಿರು ಬಿಗಿಹಿಡಿದು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಾಗ ಕಾಲ ಕೆಳಗಿನ ನೆಲ ಗುಂಯ್‌ಗುಟ್ಟಿತು. ನೂರಾರು ಜನ ಒಟ್ಟಿಗೆ ಒಂದೇ ಕೂಗು ಕೂಗಿದಂತೆ! ಗ್ಯಾಸ್ ಆರಿಸಿ ಕೆಳಗೆ ಓಡಿದೆ. ಬಾಗಿಲು ತೆರೆದ ಫ್ರಾವ್ ಲಿಂಡ್ನರ್ ನನ್ನನ್ನು ಕಂಡದ್ದೇ "ಒಳ್ಳೆಯದಾಯಿತು, ಬನ್ನಿ" ಎಂದು ಒಳಗೆ ಎಳೆದು, ಸೋಫಾದ ಮೇಲೆ ಕೂರಿಸಿ, ಕೈಗೆ ಪ್ಲಮ್ ಹಣ್ಣಿನ ಕೇಕ್ ಕೊಟ್ಟು, ಗಂಡನ ಕಡೆ ತಿರುಗಿ ಹೇಳಿದರು: "ಇವರು ಹೇಳಲಿ. ಇವರಿಗೆ ಇದರ ಗಂಧ ಗಾಳಿ ಗೊತ್ತಿಲ್ಲ. ಆದ್ದರಿಂದ ಪಕ್ಷಪಾತವೂ ಇಲ್ಲ." ನನ್ನ ಅಜ್ಞಾನಕ್ಕೆ ಅಷ್ಟು ದೊಡ್ಡ ಮರ್ಯಾದೆ ಅದಕ್ಕೆ ಮೊದಲು ಎಲ್ಲೂ ಸಿಕ್ಕಿರಲಿಲ್ಲ. ಉಬ್ಬಿಹೋದೆ.

ವ್ಯಾಜ್ಯದ ವಿಷಯ ಇಷ್ಟು. ಸುಮಾರು ಮುನ್ನೂರು ವರ್ಷದ ಹಿಂದೆ ಬರೋಕ್ ಕಾಲದ ಒಬ್ಬ ಮಹಾನುಭಾವ ಗಾಯಕವೃಂದಕ್ಕೂ ವಾದ್ಯಗಳಿಗೂ ಸೇರಿಸಿ ಬರೆದ ಒಂದು ದೊಡ್ಡ ಮಾಸ್. ಅದನ್ನು ಹೇಗೆ ಹಾಡಬೇಕು? ಹೆರ್ ಲಿಂಡ್ನರ್ ಬಳಿ ಇದ್ದದ್ದು ಹಳೆಯ ಗ್ರಾಮಫೋನ್ ತಟ್ಟೆ. ಅದರಲ್ಲಿ ಭಾರೀ ವಾದ್ಯಮೇಳ, ಜಾತ್ರೆಯಷ್ಟು ಹಾಡುಗಾರರು, ನಿಧಾನ ಅಂದರೆ ನಿಧಾನ. ಒಂದು ಸ್ವರ ಮುಗಿದು ಇನ್ನೊಂದು ಬರುವಷ್ಟರಲ್ಲಿ ಕೇಕಿನ ಒಂದು ಚೂರು ಅಗಿದು ನುಂಗಬಹುದು. ಫ್ರಾವ್ ಲಿಂಡ್ನರ್ ಬಳಿ ಇದ್ದದ್ದು ಹೊಸ ಸಿ.ಡಿ. ಅದೇ ಕೃತಿ, ಅದೇ ಸ್ವರ. ಆದರೆ ಹಾಡುವವರು ಕೆಲವೇ ಜನ, ವಾದ್ಯಗಳು ಆ ಹಳೇ ಕಾಲದ ಮಾದರಿಯವು, ಲಯವೋ ಕಾದ ಎಣ್ಣೆಗೆ ಬಿದ್ದ ಸಾಸಿವೆ! "ಇದು ಪ್ರಾರ್ಥನೆ. ಪ್ರಾರ್ಥನೆಗೆ ಅವಸರ ಯಾಕೆ?" ಎಂದು ಅವರು. "ಇದು ಸಂತೋಷ. ಸಂತೋಷಕ್ಕೆ ಯಾಕೆ ಕಾಲು ಎಳೆಯಬೇಕು?" ಎಂದು ಇವರು. ಇಬ್ಬರೂ ನನ್ನ ಮುಖ ನೋಡಿದರು. ಕಾಕಾ ನೆನಪಾದರು. ಮನೆ ಹುಡುಕಿಕೊಂಡು ಅಲೆದದ್ದೂ ನೆನಪಾಯಿತು. "ಇನ್ನೊಮ್ಮೆ ಕೇಳಬೇಕು" ಅಂದೆ. ಬದುಕಿನಲ್ಲಿ ಅಷ್ಟು ಜಾಣ ಮಾತನ್ನು ನಾನು ಆಡಿದ್ದು ಅದೊಂದೇ ಸಲ, ಅದರಿಂದಲೇ ಸಿಕ್ಕಿಹಾಕಿಕೊಂಡೆ. ಅಂದಿನಿಂದ ಪ್ರತಿ ಭಾನುವಾರ ನ್ಯಾಯಾಲಯ ಸೇರತೊಡಗಿತು. ಹೆಂಡತಿಯ ಕೇಕಿಗೆ ನಾನೆಲ್ಲಿ ವಾಲಿಬಿಡುತ್ತೇನೋ ಎಂದು, ಅದುವರೆಗೆ ಮೊಟ್ಟೆ ಬೇಯಿಸಿಯೂ ಗೊತ್ತಿಲ್ಲದ ಹೆರ್ ಲಿಂಡ್ನರ್ ವಾಫೆಲ್ ಎಂಬ ಅವರ ಸಿಹಿ ದೋಸೆ ಮಾಡುವುದನ್ನು ಕಲಿತರು.

ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯವನು ಮಂಗಳೂರಿನ ಐವನ್. ಅವನನ್ನು "ಮಾಸ್ ಅಂದರೆ ಏನೋ?" ಎಂದು ಕೇಳಿದೆ. "ಅದು ಪೂಜೆ ಮಾರಾಯ್ತಿ. ನಮ್ಮ ಇಗರ್ಜಿಯಲ್ಲಿ ಪಾದ್ರಿಗಳು ಒಂದು ಗಂಟೆಯ ಒಳಗೆ ಮುಗಿಸಿ ಬಿಡ್ತಾರೆ. ಇವರಿಗೆ ಹಾಡ್ಲಿಕ್ಕೇ ಎರಡು ಗಂಟೆ ಎಂತಕ್ಕೆ?" ಅಂದ. ಅವನಿಗೂ ಗೊತ್ತಿಲ್ಲ ಎಂದು ಖಾತ್ರಿಯಾದ ಮೇಲೆ ನಾನೇ ಊರಿನ ಲೈಬ್ರರಿಗೆ ಹೋದೆ. ಅಲ್ಲಿ ಅದೇ ಮಾಸ್‌ನ ಸಿ.ಡಿ.ಗಳು ಸಾಲಾಗಿ ನಿಂತಿದ್ದವು! ಒಬ್ಬ ಇಂಗ್ಲಿಷರವನು ಮಾಡಿಸಿದ್ದು, ಒಬ್ಬ ಡಚ್ಚರವನು ಮಾಡಿಸಿದ್ದು, ಎಳೆ ಹುಡುಗರೇ ತಾರಸ್ವರ ಹಾಡಿದ್ದು. ಒಂದನ್ನು ತಂದೆ. ಇನ್ನೊಂದನ್ನು ತಂದೆ. ಟ್ರಾಮಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳಿದೆ. ಮೊದಮೊದಲು ಎಲ್ಲ ಒಂದೇ ಗದ್ದಲ. ಆಮೇಲೆ ಒಂದು ದಿನ, ನೆಕ್ಕರ್ ನದಿಯ ಸೇತುವೆ ದಾಟುವಾಗ, ಎಲ್ಲ ಧ್ವನಿಗಳ ಅಡಿಯಿಂದ ಗಂಡಸರ ಮಂದ್ರಸ್ವರವೊಂದು ಮೆಲ್ಲಗೆ ಹೊರಟು, ಮೇಲಿನವರು ಆಗಲೇ ಹಾಡಿ ಬಿಟ್ಟಿದ್ದ ಅದೇ ಸಾಲನ್ನು ಎತ್ತಿಕೊಂಡು ಬರುವುದು ಕಿವಿಗೆ ಬಿತ್ತು. ಅರೆ! ಇದು ಅದೇ! ಅವರು ಬಿಟ್ಟದ್ದನ್ನು ಇವರು ಹಿಡಿದರು, ಇವರು ಬಿಟ್ಟದ್ದನ್ನು ಇನ್ಯಾರೋ ಹಿಡಿದರು! ನನಗೆ ಎಷ್ಟು ಖುಷಿಯಾಯಿತೆಂದರೆ ನನ್ನ ಸ್ಟಾಪ್ ಬಂದದ್ದೂ ತಿಳಿಯಲಿಲ್ಲ, ಮುಂದಿನದೂ ತಿಳಿಯಲಿಲ್ಲ. ಆಫೀಸಿಗೆ ತಡವಾಗಿ ಹೋಗಿ ಐವನ್‌ಗೆ ವಿವರಿಸಿದೆ. ಅವನು ನನ್ನ ಹಣೆ ಮುಟ್ಟಿ ನೋಡಿದ.

ಹುಚ್ಚು ಹಿಡಿದ ಮೇಲೆ ಕೇಳಬೇಕೇ? ಮನೆಗೆ ಬಂದರೆ ಒಂದೇ ತುಣುಕನ್ನು ಒಂದಾದ ಮೇಲೊಂದರಂತೆ ಎಲ್ಲ ಸಿ.ಡಿ.ಗಳಲ್ಲೂ ಹಾಕಿ ತುಲನೆ ಮಾಡುವುದು. ಇಂಗ್ಲಿಷರ ಕಹಳೆ ಥಳಥಳ ಬೆಳಗಿದ ಹಿತ್ತಾಳೆ ಚೊಂಬು. ಡಚ್ಚರ ಹಾಡು ಇಸ್ತ್ರಿ ಮಾಡಿದ ಅಂಗಿ. ಒಮ್ಮೆ ನಾಲ್ಕಾರು ಜನವೇ ಹಾಡಿದ, ಒಂದೊಂದು ಧ್ವನಿಗೆ ಒಬ್ಬೊಬ್ಬರೇ ಇರುವ ರೆಕಾರ್ಡಿಂಗ್ ಸಿಕ್ಕಿತು. ಇದನ್ನು ಕೇಳಿದರೆ ಇಬ್ಬರ ಜಗಳವೂ ಮುಗಿದೀತು ಎಂದು ಭಾನುವಾರ ಕೆಳಗೆ ಒಯ್ದೆ. ಎರಡು ನಿಮಿಷ ಕೇಳಿದರೋ ಇಲ್ಲವೋ, ಗಂಡ ಹೆಂಡತಿ ಒಂದೇ ಉಸಿರಿನಲ್ಲಿ "ಇದು ವೃಂದವೇ ಅಲ್ಲ!" ಎಂದು ಕೂಗಿದರು. ಅವರಿಬ್ಬರೂ ಒಂದೇ ಲಯದಲ್ಲಿ ಏನನ್ನಾದರೂ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಗ ಫ್ರಾವ್ ಲಿಂಡ್ನರ್ ನಕ್ಕರು, ನಕ್ಕವರು ಸಟ್ಟನೆ ಎದ್ದು ಅಡುಗೆಮನೆಗೆ ಹೋದರು. ಹಿಂದೆಯೇ ಹೋದೆ. ಅಲ್ಲಿ ತಟ್ಟೆ ತೊಳೆಯುತ್ತ ನಿಂತು ಅವರು ನಿಜವಾದ ಸಂಗತಿ ಹೇಳಿದರು.

ಇಬ್ಬರೂ ಆ ಬಡಾವಣೆಯ ಚರ್ಚಿನ ಗಾಯಕವೃಂದದಲ್ಲೇ ಪರಿಚಯವಾದವರಂತೆ. ಇದೇ ಮಾಸ್‌ನ ತಾಲೀಮಿನಲ್ಲಿ ಆಕೆ ಮುಂದಿನ ಸಾಲಿನಲ್ಲಿ, ಈತ ಹಿಂದೆ ಮಂದ್ರಸ್ವರದವರ ಸಾಲಿನಲ್ಲಿ. "ಇವನ ಧ್ವನಿ ನನ್ನ ಬೆನ್ನಿಗೆ ಬಿಸಿಲು ಬಿದ್ದ ಹಾಗೆ ಬೀಳುತ್ತಿತ್ತು" ಎಂದರು ಫ್ರಾವ್ ಲಿಂಡ್ನರ್. ಆಗಿನ ಕಾಂಟೋರ್, ಅಂದರೆ ವೃಂದವನ್ನು ನಡೆಸುವ ಗುರು, ನಿಧಾನ ಲಯದ ಮುದುಕ. ಆತ ನಿವೃತ್ತನಾದ ಮೇಲೆ ಜುಟ್ಟು ಕಟ್ಟಿಕೊಂಡ ಒಬ್ಬ ಹುಡುಗ ಸೈಕಲ್ಲಿನ ಮೇಲೆ ಬಂದ. ಬಂದವನೇ ಲಯವನ್ನು ದುಪ್ಪಟ್ಟು ಮಾಡಿದ. ಹೆರ್ ಲಿಂಡ್ನರ್ ತಾಲೀಮಿನ ನಡುವೆಯೇ ಪುಸ್ತಕ ಮುಚ್ಚಿ, "ನಾನು ಹಾಡುವವನು, ಹೊಲಿಗೆ ಮಷೀನಲ್ಲ" ಎಂದು ಎದ್ದು ಬಂದರು. ಹೆಂಡತಿ ಎದ್ದು ಬರಲಿಲ್ಲ. ಅಷ್ಟೇ. "ಈ ಶರತ್ಕಾಲದಲ್ಲಿ ನಾವು ಆ ಮಾಸನ್ನೇ ಹಾಡುತ್ತಿದ್ದೇವೆ ಫ್ರಾವ್ ಪಾಟೀಲ. ಅಷ್ಟು ಹೊತ್ತು ನಿಂತು ಹಾಡಲು ಇನ್ನೊಂದು ಸಲ ಈ ಮೊಣಕಾಲು ಬಿಡುವುದಿಲ್ಲ. ಇವನು ಬರುವುದಿಲ್ಲವಂತೆ" ಎಂದು ಆಗಲೇ ತೊಳೆದಿದ್ದ ತಟ್ಟೆಯನ್ನು ಮತ್ತೆ ತೊಳೆದರು. ನಾನು ಇಷ್ಟು ದಿನ ಕೇಕು ತಿಂದುಕೊಂಡು ಆಟವೆಂದುಕೊಂಡಿದ್ದು ಆಟವಾಗಿರಲಿಲ್ಲ.

ಅದೇ ವೇಳೆಗೆ ನಮ್ಮಪ್ಪ ಬಂದರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ರಿಟೈರ್ ಆದವರು. ತಂಗಿಯ ಬಾಣಂತನ ಬಿಟ್ಟು ಅವ್ವ ಬರುವಂತಿರಲಿಲ್ಲ, ಆದ್ದರಿಂದ ಒಬ್ಬರೇ ಕಡಕ್ ರೊಟ್ಟಿಯ ಗಂಟು, ಧೋತರ, ಮಂಕಿ ಕ್ಯಾಪಿನ ಸಮೇತ ಇಳಿದರು. ಹುಬ್ಬಳ್ಳಿ ಧಾರವಾಡದ ಸುತ್ತ ಎಲ್ಲೇ ಗಾಯನವಿರಲಿ, ಡ್ಯೂಟಿ ಬದಲಾಯಿಸಿಕೊಂಡು ಹೋಗಿ ಮುಂದಿನ ಜಮಖಾನೆಯ ಮೇಲೆ ಕೂರುವ ಜಾತಿ. ಭಾನುವಾರ ಕೆಳಗೆ ಕರೆದೊಯ್ದೆ. ಅಪ್ಪನಿಗೆ ಜರ್ಮನ್ ಬಾರದು, ಹೆರ್ ಲಿಂಡ್ನರ್‌ಗೆ ಕನ್ನಡವಿರಲಿ, ಇಂಗ್ಲಿಷೂ ಅಷ್ಟಕ್ಕಷ್ಟೇ. ಇಬ್ಬರೂ ಕಡಕ್ ರೊಟ್ಟಿ ಮುರಿಯುತ್ತ ಆ ಗ್ರಾಮಫೋನ್ ತಟ್ಟೆಯ ಹಾಡು ಕೇಳಿದರು. ಅಪ್ಪ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ, "ಭಾರೀ ಐತೆವಾ! ಗೂಡ್ಸ್ ಗಾಡಿ ಎರಡು ಇಂಜಿನ್ ಹಚ್ಚಿಕೊಂಡು ಕ್ಯಾಸಲ್‌ರಾಕ್ ಘಾಟ್ ಹತ್ತಿದಂಗ" ಅಂದರು. ಫ್ರಾವ್ ಲಿಂಡ್ನರ್ ಸಿ.ಡಿ. ಹಾಕಿದರು. "ಇದೂ ಭಾರೀ ಐತಿ! ಸಿಗ್ನಲ್ ಬಿಟ್ಟ ಮ್ಯಾಲೆ ಎಕ್ಸ್‌ಪ್ರೆಸ್ ಗಾಡಿ!" ಅಂದರು. "ಅಪ್ಪಾ, ಎರಡರಾಗ ಯಾವುದು ಚಲೋ ಅಂತ ಇವರದು ಜಗಳ" ಎಂದೆ. ಅಪ್ಪನಿಗೆ ಜಗಳ ಎಲ್ಲಿದೆ ಎಂಬುದೇ ತಿಳಿಯಲಿಲ್ಲ. "ಅಲ್ಲವಾ, ಮೊದಲ ವಿಲಂಬಿತ ಹಾಡ್ತಾರ, ಆಮ್ಯಾಲ ದ್ರುತ್ ಹಾಡ್ತಾರ. ರಾಗ ಒಂದs. ಇದರಾಗ ಜಗಳ ಏನು ಬಂತು?"

ಇದನ್ನು ನಾನು ಕೈ ಬಾಯಿ ಎರಡನ್ನೂ ಬಳಸಿ ಜರ್ಮನ್‌ಗೆ ತಂದೆ. ಹೆರ್ ಲಿಂಡ್ನರ್ ಹುಬ್ಬುಗಳು ಒಂದನ್ನೊಂದು ಮುಟ್ಟಿದವು. "ಅದು ಸರಿ. ಆದರೆ ಆ ಜುಟ್ಟಿನ ಹುಡುಗನಿಗೆ ನಿಧಾನವೇ ಗೊತ್ತಿಲ್ಲ" ಅಂದರು. ಅಪ್ಪನಿಗೆ ಹೇಳಿದೆ. ಅಪ್ಪ ರೊಟ್ಟಿ ಕೆಳಗಿಟ್ಟು, "ಕುಂತು ಕೇಳ್ಯಾನೇನು ಇಂವ? ಕೇಳದs ಬೈಯೋದು ಯಾವೂರ ನ್ಯಾಯ? ಕೇಳಿ ಬಾ, ಆಮ್ಯಾಲ ಬೈ ಅಂತ ಹೇಳು" ಎಂದರು. ಮನೆ ಮಾಲೀಕನಿಗೆ ಇದನ್ನು ಹೇಗೆ ಹೇಳಲಿ? ಜರ್ಮನ್ ಭಾಷೆಯಲ್ಲೂ ನಮ್ಮ ಹಾಗೆ ಎಷ್ಟೋ ಸಲ ಕ್ರಿಯಾಪದ ಕೊನೆಗೇ ಬರುತ್ತದೆ, ಅದರಿಂದ ಯೋಚಿಸಲು ಸ್ವಲ್ಪ ಸಮಯ ಸಿಗುತ್ತದೆ. ವಾಕ್ಯ ಶುರು ಮಾಡಿದಾಗ ನನಗೂ ಅದು ಎಲ್ಲಿ ಮುಗಿಯುತ್ತದೆಂದು ಗೊತ್ತಿರಲಿಲ್ಲ. "ನನ್ನ ತಂದೆಗೆ ಈ ದೇಶದ ಚರ್ಚಿನಲ್ಲಿ ಒಮ್ಮೆ ಈ ಸಂಗೀತ ಕೇಳುವ ಆಸೆಯಿದೆ, ಆದರೆ ಬಲ್ಲವರೊಬ್ಬರು ಪಕ್ಕದಲ್ಲಿ ಇರದಿದ್ದರೆ ಅವರಿಗೆ ಏನೂ ತಿಳಿಯುವುದಿಲ್ಲ, ಆದ್ದರಿಂದ ತಾವು ದಯವಿಟ್ಟು ಜೊತೆಗೆ" ಎಂಬಲ್ಲಿಗೆ ಬಂದು, ಉಸಿರೆಳೆದು, "ಬರುವಿರಾ" ಎಂಬ ಕ್ರಿಯಾಪದ ಇಟ್ಟೆ. ಹೆರ್ ಲಿಂಡ್ನರ್ ಅಪ್ಪನನ್ನು ನೋಡಿದರು. ಅಪ್ಪ ಗಂಭೀರವಾಗಿ, ಬೈದು ಮುಗಿಸಿದ ತೃಪ್ತಿಯಲ್ಲಿ, ತಲೆಯಾಡಿಸಿದರು. ಅತಿಥಿಗೆ ಇಲ್ಲವೆನ್ನುವುದು ಹೆರ್ ಲಿಂಡ್ನರ್ ಕೈಲಿ ಆಗಲಿಲ್ಲ. ಅಡುಗೆಮನೆಯಲ್ಲಿ ಏನೋ ಕೆಳಗೆ ಬಿದ್ದ ಸದ್ದಾಯಿತು.

ಕಛೇರಿಯ ಸಂಜೆ ಚರ್ಚು ತುಂಬಿತ್ತು. ಒಂದು ಕಡೆ ಕಪ್ಪು ಸೂಟಿನ ಹೆರ್ ಲಿಂಡ್ನರ್, ಒಂದು ಕಡೆ ಧೋತರದ ಮೇಲೆ ಕರಿಕೋಟು ತೊಟ್ಟ ಅಪ್ಪ, ನಡುವೆ ನಾನು. ಎಷ್ಟು ಬೇಡಿಕೊಂಡರೂ ಅಪ್ಪ ಮಂಕಿ ಕ್ಯಾಪ್ ಬಿಡಲಿಲ್ಲ. ವೃಂದ ಬಂದು ನಿಂತಿತು. ಫ್ರಾವ್ ಲಿಂಡ್ನರ್ ಎರಡನೇ ಸಾಲಿನಲ್ಲಿದ್ದರು. ನಮ್ಮನ್ನು ಹುಡುಕಿದ ಅವರ ಕಣ್ಣು ಗಂಡನ ಮೇಲೆ ನಿಂತಿತು. ಜುಟ್ಟಿನ ಹುಡುಗ ಕೈ ಎತ್ತಿದ. ಓಡಿಸುತ್ತಾನೆ, ಈಗ ಓಡಿಸುತ್ತಾನೆ ಎಂದು ನಾನು ಸೀಟಿನ ಅಂಚು ಹಿಡಿದು ಕೂತೆ. ಇಲ್ಲ! ಆ ಮೊದಲ ಕೂಗು ನಿಧಾನವಾಗಿ, ನೆಲದಿಂದ ಎದ್ದು ಬಂತು. ಸಿ.ಡಿ.ಯಲ್ಲಿ ನೂರು ಸಲ ಕೇಳಿದ್ದರೂ ನನ್ನ ತೋಳಿನ ಮೇಲೆ ಮುಳ್ಳೆದ್ದವು. ಹೆರ್ ಲಿಂಡ್ನರ್ ನೆಟ್ಟಗೆ ಕೂತರು. ಇಷ್ಟು ನಿಧಾನ ಮಾಡಲು ಆ ಹುಡುಗನಿಗೆ ಗೊತ್ತಿದೆ! ಆಮೇಲೆ ವೇಗದ ಭಾಗಗಳು ಬಂದವು, ವೇಗವಾಗಿಯೇ ಬಂದವು. ಅವರ ಹುಬ್ಬು ಒಮ್ಮೆ ಮೇಲೆ ಹೋಗುವುದು, ಒಮ್ಮೆ ಕೆಳಗೆ ಬರುವುದು, ನನಗೆ ಹಾಡು ಕೇಳುವುದೋ ಹುಬ್ಬು ನೋಡುವುದೋ ತಿಳಿಯದಾಯಿತು.

ನಡುವೆ ಒಂದು ಕಡೆ ಎಲ್ಲ ಧ್ವನಿಗಳೂ ಇಳಿದು ಇಳಿದು ಪಿಸುಮಾತಾಗಿ, ಇನ್ನೇನು ಆರಿಯೇ ಹೋಯಿತು ಅನ್ನುವಾಗ, ಕಹಳೆ, ನಗಾರಿ, ಇಡೀ ವೃಂದ ಒಟ್ಟಿಗೆ ಸಿಡಿಯುತ್ತದೆ. ಸಿಡಿಯಿತು. ಒಂದು ಧ್ವನಿಯ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು ಓಡಿ ಬಂದು, ಸುತ್ತಿ, ತಿರುಗಿ, ಕೊನೆಗೆ ಎಲ್ಲ ಸೇರಿ ಒಂದೇ ಏಟಿಗೆ ನಿಂತವು. ಚರ್ಚಿನ ತುಂಬ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ, ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮಿ ಬರುವ ಆ ಜನರ ನಡುವೆ, ನನ್ನಪ್ಪ ತೊಡೆ ತಟ್ಟಿ, ಕೈ ಮೇಲೆತ್ತಿ, "ಆಹಾ! ಭಲೇ! ಶಾಬಾಸ್!" ಎಂದು ಗಟ್ಟಿಯಾಗಿ ಕೂಗಿದರು.

ಇಡೀ ಚರ್ಚು ತಿರುಗಿತು. ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಂಡೆ. ಬಿಡಲಿಲ್ಲ, ಅಲ್ಲಿ ಎಲ್ಲ ಕಲ್ಲು ಹಾಸು. ಎರಡನೇ ಸಾಲಿನಲ್ಲಿ ಫ್ರಾವ್ ಲಿಂಡ್ನರ್ ಪುಸ್ತಕದ ಹಿಂದೆ ಮುಖ ಮರೆಮಾಡಿಕೊಂಡರು. ಮನೆ ಖಾಲಿ ಮಾಡುವುದು ಯಾವಾಗ ಎಂದು ಲೆಕ್ಕ ಹಾಕುತ್ತ ಮೆಲ್ಲಗೆ ಎಡಕ್ಕೆ ನೋಡಿದೆ. ಹೆರ್ ಲಿಂಡ್ನರ್ ಭುಜ ಕುಣಿಯುತ್ತಿತ್ತು. ಸಿಟ್ಟು ಎಂದುಕೊಂಡೆ. ನಗು! ಶಬ್ದವಿಲ್ಲದ ನಗು ಹೊಟ್ಟೆಯಿಂದ ಎದ್ದು ಆ ಉದ್ದ ಮನುಷ್ಯನನ್ನು ಅಲ್ಲಾಡಿಸುತ್ತಿತ್ತು. ಅಷ್ಟರಲ್ಲಿ ಕಾಂಟೋರ್ ಮತ್ತೆ ಕೈ ಎತ್ತಿದ, ಹಾಡು ಮುಂದುವರಿಯಿತು, ನಗುತ್ತಿದ್ದ ಮುಖದ ಮೇಲೆ ಕಣ್ಣೀರು ಯಾವಾಗ ಇಳಿಯಿತೋ ನನಗೆ ತಿಳಿಯಲಿಲ್ಲ. ಅಪ್ಪ ನನ್ನನ್ನು ದಾಟಿ ಕೈ ಚಾಚಿ ಅವರ ಮೊಣಕಾಲಿನ ಮೇಲೆ ತಟ್ಟಿದರು. ಕೊನೆಯ ಭಾಗದಲ್ಲಿ ನನ್ನ ಎಡಗಿವಿಗೆ ಒಂದು ಮಂದ್ರಸ್ವರ ಸಣ್ಣಗೆ ಕೇಳಿಸಿತು. ಹೆರ್ ಲಿಂಡ್ನರ್ ತುಟಿ ಮುಚ್ಚಿಕೊಂಡೇ ಹಾಡುತ್ತಿದ್ದರು. ಆ ಹುಡುಗನ ಲಯದಲ್ಲೇ!

ಹೊರಗೆ ಅಂಗಳದಲ್ಲಿ ಫ್ರಾವ್ ಲಿಂಡ್ನರ್ ಕೋಲೂರಿಕೊಂಡು ಬಂದರು. ಹೆರ್ ಲಿಂಡ್ನರ್ "ನಿಷ್ಟ್ ಶ್ಲೆಷ್ಟ್" ಅಂದರು. ಅಂದರೆ 'ಕೆಟ್ಟದಾಗಿರಲಿಲ್ಲ.' ಆ ದೇಶದಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ. ಫ್ರಾವ್ ಲಿಂಡ್ನರ್ ಅಳತೊಡಗಿದರು. "ನಗಾರಿ ಮಾತ್ರ ಸ್ವಲ್ಪ ಜೋರಾಯಿತು" ಎಂದು ಗಂಡ ಸೇರಿಸಿದ ಮೇಲೆ ಇನ್ನೂ ಅತ್ತರು. ಅಷ್ಟರಲ್ಲಿ ಜುಟ್ಟಿನ ಕಾಂಟೋರ್ ಜನರನ್ನು ಸರಿಸಿಕೊಂಡು, "ಕೂಗಿದವರು ಯಾರು?" ಎಂದು ಕೇಳುತ್ತ ಬಂದ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವನು ಅಪ್ಪನ ಎರಡೂ ಕೈ ಹಿಡಿದುಕೊಂಡು, ಎಷ್ಟೋ ವರ್ಷದಿಂದ ಯಾರಾದರೂ ಹಾಗೆ ಕೂಗಲಿ ಎಂದು ಕಾಯುತ್ತಿದ್ದೆ ಎಂದ. ಅಪ್ಪ ಅವನ ಬೆನ್ನು ಚಪ್ಪರಿಸಿ, "ಲಯ ಭಾಳ ಗಟ್ಟಿ ಐತಿ ತಮ್ಮಾ ನಿಂದು. ಜುಟ್ಟೂ ಚಲೋ ಐತಿ" ಅಂದರು. ಅನುವಾದ ಮಾಡುವ ಅಗತ್ಯ ಬೀಳಲಿಲ್ಲ.

ಅಪ್ಪ ಊರಿಗೆ ಹೋದರು. ಹೆರ್ ಲಿಂಡ್ನರ್ ಮತ್ತೆ ವೃಂದ ಸೇರಿದರು. ಹಿಂದಿನ ಸಾಲಿನಲ್ಲಿ ಅವರು, ಮುಂದೆ ಫ್ರಾವ್ ಲಿಂಡ್ನರ್, ಆಕೆಯ ಮೊಣಕಾಲಿಗೆಂದು ಕಾಂಟೋರ್ ಒಂದು ಎತ್ತರದ ಕುರ್ಚಿ ಹಾಕಿಸಿದ. ತಾಲೀಮಿಗೆ ಇಬ್ಬರೂ ಕೈ ಹಿಡಿದು ಹೊರಡುವುದನ್ನು ಮಹಡಿಯ ಕಿಟಕಿಯಿಂದ ನೋಡುತ್ತ ನಿಂತಿದ್ದಾಗ ನನಗೊಂದು ಯೋಚನೆ ಹೊಳೆಯಿತು. ಅದೇ ಮಾಸನ್ನು ಅಷ್ಟು ಬಗೆಯಲ್ಲಿ ಕೇಳಿ ಅರಗಿಸಿಕೊಂಡಿದ್ದೇನೆ. ಇಂಗ್ಲಿಷರು ಎಲ್ಲಿ ಉಸಿರು ತೆಗೆಯುತ್ತಾರೆ, ಡಚ್ಚರು ಎಲ್ಲಿ ತೆಗೆಯುತ್ತಾರೆ ಎಲ್ಲ ಗೊತ್ತು. ನಾನೂ ಯಾಕೆ ಹಾಡಬಾರದು? ಲಿಂಡ್ನರ್ ದಂಪತಿಗೆ ಹೇಳಿದೆ. ಅವರು ಕುಣಿದಾಡಿದರು. ಮಾರನೆಯ ವಾರವೇ ನನ್ನನ್ನು ಕಾಂಟೋರ್ ಮುಂದೆ ನಿಲ್ಲಿಸಿದರು. ಅವನು ಪಿಯಾನೋ ಮೇಲೆ ಒಂದು ಸ್ವರ ಒತ್ತಿದ. ನಾನು ಹಾಡಿದೆ. ಅದೇ ಸ್ವರವನ್ನು ಮತ್ತೆ ಒತ್ತಿದ. ಮತ್ತೆ ಹಾಡಿದೆ. ಸ್ವಲ್ಪ ಕೆಳಗಿನದನ್ನು ಒತ್ತಿದ, ಆಮೇಲೆ ಮೇಲಿನದನ್ನು ಒತ್ತಿದ, ಆಮೇಲೆ ಪಿಯಾನೋವೇ ಸರಿಯಿದೆಯೋ ಇಲ್ಲವೋ ಎಂದು ಮುಚ್ಚಳ ಎತ್ತಿ ಒಳಗೆ ನೋಡಿದ. ಕೊನೆಗೆ ಮುಚ್ಚಳವನ್ನು ಬಹಳ ಮೃದುವಾಗಿ ಮುಚ್ಚಿ, ನನ್ನ ಕೈ ಕುಲುಕಿ ಹೇಳಿದ: "ಫ್ರಾವ್ ಪಾಟೀಲ, ಹಾಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಿಮ್ಮಂತೆ ಕೇಳುವವರು ಸಿಗುವುದು ಅಪರೂಪ. ಆ ಸ್ಥಾನವನ್ನು ದಯವಿಟ್ಟು ಬಿಟ್ಟುಕೊಡಬೇಡಿ."

ಅಷ್ಟು ದೊಡ್ಡ ಸಂಗೀತಗಾರನ ಬಾಯಿಂದ ಅಂಥ ಮಾತು! ಟ್ರಾಮಿನ ಉದ್ದಕ್ಕೂ ನನ್ನಷ್ಟಕ್ಕೆ ನಗುತ್ತ ಮನೆಗೆ ಬಂದು, ತಡೆಯಲಾರದೆ ಹುಬ್ಬಳ್ಳಿಗೆ ಫೋನ್ ಮಾಡಿ, ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಅಪ್ಪನಿಗೆ ಒಪ್ಪಿಸಿದೆ. ಲೈನ್ ಕಟ್ಟಾಯಿತೇನೋ ಎಂದು "ಅಪ್ಪಾ, ಅಪ್ಪಾ" ಎಂದು ಕೂಗಿದೆ.

"ಕೇಳಿಸ್ತವಾ" ಎಂದರು ಅಪ್ಪ. "ಎಷ್ಟು ಸಂಭಾವಿತ ಹುಡುಗ ನೋಡು, ಪಾಪ!"